ಹಲ್ಲಿ ಒಪ್ಪಲಿಲ್ಲ

ಚಿನ್ಮಯಿ, ಶರಣು, ನಿಮಗೊಂದು ಸಂಗತಿ ಹೇಳಬೇಕು. ನಿಮ್ಮ ಸಣ್ಣಜ್ಜ, ಅಂದರೆ ನನ್ನ ಮೈದುನ, ಸಾರಿಗೆ ನಾನು ಉಪ್ಪು ಹಾಕುವುದನ್ನೇ ಮರೆತರೂ ಗೊತ್ತಾಗದೆ ಉಣ್ಣುವ ಮನುಷ್ಯ. ಆದರೆ ಗೋಡೆಯ ಮೇಲಿನ ಹಲ್ಲಿ ಏನು ತಿನ್ನುತ್ತದೆ ಎಂಬುದನ್ನು ಮಾತ್ರ ಕನ್ನಡಕ ಹಾಕಿಕೊಂಡು ನೋಡುತ್ತಾನೆ! ಇಡೀ ಮರ್ಫಿ ಟೌನಿನಲ್ಲಿ ಹಲ್ಲಿಯ ಊಟಕ್ಕೆ ಮೇಲ್ವಿಚಾರಕರಿರುವ ಮನೆ ನಮ್ಮದೊಂದೇ.

ಗಾರೆ ಕೆಲಸಕ್ಕೆಂದು ಕಲಬುರಗಿ ಕಡೆಯಿಂದ ನಮ್ಮ ಜೊತೆಯಲ್ಲೇ ಈ ಊರಿಗೆ ಬಂದವನು. ಮೊಣಕಾಲು ಕೈಕೊಟ್ಟ ಮೇಲೆ ಕರಣೆಯನ್ನು ಮೊಳೆಗೆ ತೂಗುಹಾಕಿ ಮನೆಯಲ್ಲಿ ಕುಳಿತ. ಟಿ.ವಿ. ನೋಡು ಎಂದರೆ ಟಿ.ವಿ.ಯ ಹಿಂದೆ ನೋಡುತ್ತಿದ್ದ. ಅಲ್ಲಿ ಬಾಲ ತುಂಡಾದ ಹಲ್ಲಿಯೊಂದಿತ್ತು. ಅದಕ್ಕೆ ಮೊಂಡಿ ಎಂದು ಹೆಸರಿಟ್ಟ. ಅಲ್ಲಿಗೆ ನನ್ನ ನೆಮ್ಮದಿ ಹೋಯಿತು.

ಒಮ್ಮೆ ಮೊಂಡಿ ಮೇಲಿನಿಂದ ಜಾರಿ ನೇರ ನನ್ನ ಹೆಗಲ ಮೇಲೆ ಬಿತ್ತು. ನಮ್ಮೂರಲ್ಲಾದರೆ ಹಲ್ಲಿ ಬಿದ್ದವರಿಗೆ ಸ್ನಾನ ಮಾಡಿಸಿ, ಪಂಚಾಂಗ ತೆಗೆಸಿ, ಎಡ ಹೆಗಲೋ ಬಲ ಹೆಗಲೋ ಎಂದು ಓಣಿಯವರೆಲ್ಲ ವಿಚಾರಿಸುತ್ತಾರೆ. ನಾನು ಕಿರುಚಿದೆ. ಸಣ್ಣಜ್ಜ ಕುಂಟುತ್ತಾ ಓಡಿ ಬಂದ.

"ಪೆಟ್ಟಾತೇನವ್ವಾ?"

"ಇಲ್ಲಪ್ಪಾ, ಏನೂ ಆಗಿಲ್ಲ" ಅಂದೆ.

"ನಿಮಗಲ್ಲ ಅತ್ತಿಗಿ, ಅದಕ್ಕ!"

ಮೊಂಡಿ ಏನು ತಿನ್ನಬಹುದು, ಏನು ತಿನ್ನಬಾರದು ಎಂದು ಅವನಿಗೊಂದು ಪಥ್ಯವಿತ್ತು. ಸೊಳ್ಳೆಗೆ, ದೀಪದ ಹುಳುವಿಗೆ ಅಡ್ಡಿಯಿಲ್ಲ. ಕಣಜ ಬಂದರೆ ಪೊರಕೆ, ಜರಿಹುಳು ಬಂದರೆ ಚಪ್ಪಲಿ. ಜಿರಳೆ ಬಂದರೆ ಮಾತ್ರ ದೊಡ್ಡ ವಿಚಾರಣೆ! ನೆಟ್ಟಗೆ ಓಡಿದರೆ ಬಿಡುತ್ತಿದ್ದ. ಅಡ್ಡಾದಿಡ್ಡಿ ನಡೆದರೆ, "ಮದ್ದು ತಿಂದು ಬಂದದ" ಎಂದು ಗುಡಿಸಿ ಹೊರಗೆಸೆಯುತ್ತಿದ್ದ. ಮದ್ದು ತಿಂದ ಜಿರಳೆಯನ್ನು ಹಲ್ಲಿ ತಿಂದರೆ ಹಲ್ಲಿಗೂ ವಿಷ ಏರುತ್ತದೆ ಎಂಬುದು ಅವನ ಭಯ. ಅದು ಸುಳ್ಳೂ ಅಲ್ಲ ಅನ್ನಿ.

ಒಂದು ದಿನ ಅಂಥ ಅಮಲೇರಿದ ಜಿರಳೆಯೊಂದು ಮೆಟ್ಟಿಲು ಹತ್ತಿ ಬಂದದ್ದನ್ನು ಕಂಡು, ಕೆಳಗಿನ ಮನೆಯ ಸೆಲ್ವಿಯ ಬಾಗಿಲು ಬಡಿದ.

"ಹೌದು ಮೇಸ್ತ್ರಿ, ಜಿರಳೆಗೆ ಔಷಧಿ ಹಾಕ್ದೆ. ಯಾಕೆ, ನಿಮ್ದಾ ಜಿರಳೆ?"

"ಜಿರಳಿ ನಮ್ದಲ್ರೀ, ಅದನ್ನ ತಿನ್ನೋರು ನಮ್ಮೋರು!"

ಸೆಲ್ವಿ ಇದನ್ನು ಓಣಿಗೆಲ್ಲ ಹಂಚಿದಳು. ತಮಿಳಿನಲ್ಲೂ ಹಂಚಿದಳು. ನಾನು ತರಕಾರಿ ಗಾಡಿಯ ಹತ್ತಿರ ಹೋಗಲು ನಾಚಿ, ಆ ವಾರವೆಲ್ಲ ಬೇಳೆ ಸಾರನ್ನೇ ಮಾಡಿದೆ.

ಆಮೇಲೆ ನಿಜವಾದ ಕಂಟಕ ಬಂತು. ಮನೆ ಮಾಲೀಕರು ಇಡೀ ಕಟ್ಟಡಕ್ಕೆ ಜಿರಳೆ ಮದ್ದು ಹೊಡೆಸಲು ಆಳನ್ನು ಕಳಿಸಿದರು. ಅವನು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತ. ಒಳಗೆ ಹಲ್ಲಿ ಇದೆ ಎಂದು ಸಣ್ಣಜ್ಜ ತಡೆದ.

"ತಾತಾ, ಇದು ಹರ್ಬಲ್ಲು. ಹಲ್ಲಿಗೆ ಏನೂ ಆಗಲ್ಲ, ಗ್ಯಾರಂಟಿ."

ಸಣ್ಣಜ್ಜ ಬೆರಳೆತ್ತಿ "ತಡಿ" ಎಂದ. ನಾವು ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ ಎಂದಲ್ಲವೇ ನಮ್ಮ ನಂಬಿಕೆ? ಮೂವರೂ ಗೋಡೆ ನೋಡುತ್ತಾ ನಿಂತೆವು. ಮೊಂಡಿ ಪಿಟಕ್ಕೆನ್ನಲಿಲ್ಲ.

"ನೋಡಿದೇನು? ನೀ ಸುಳ್ಳು ಹೇಳ್ತಿ. ಹಲ್ಲಿ ಒಪ್ಪಲಿಲ್ಲ!"

"ಓನರ್‌ಗೆ ಏನ್ ಹೇಳ್ಲಿ ತಾತಾ?"

"ಹಲ್ಲಿ ಒಪ್ಪಲಿಲ್ಲ ಅಂತ ಹೇಳು."

ನಮ್ಮ ಮನೆಯೇನೋ ಉಳಿಯಿತು. ಆದರೆ ಬೇರೆ ಮನೆಗಳ ಜಿರಳೆಗಳು ಮದ್ದು ತಿಂದು ಸಾಯಲು ನಮ್ಮಲ್ಲಿಗೇ ಬಂದರೆ? ಕರಣೆ ಮೊಳೆಯಿಂದ ಇಳಿಯಿತು. ಸಣ್ಣಜ್ಜ ಸಿಮೆಂಟು ಕಲಸಿ ಬಚ್ಚಲ ಪೈಪಿನ ಸುತ್ತ, ಒಲೆಯ ಕಟ್ಟೆಯ ಕೆಳಗೆ, ಕಿಟಕಿಯ ಮೇಲೆ, ಕಂಡ ಸಂದುಗಳನ್ನೆಲ್ಲ ಮೆತ್ತಿದ. ಬಾಗಿಲ ಕೆಳಗೆ ನನ್ನ ಸೀರೆ ತುರುಕಿದ. ಕೇಳಿ ತೆಗೆದುಕೊಂಡನೇ? ಇಲ್ಲ! ಸಂಜೆಗೆ ಕೈ ತೊಳೆದು, ಹೆಮ್ಮೆಯಿಂದ ಸುತ್ತ ನೋಡಿದವನ ಮುಖ ಇದ್ದಕ್ಕಿದ್ದಂತೆ ಬಿಳಿಚಿತು.

"ಅತ್ತಿಗಿ, ಮೊಂಡಿ ಎಲ್ಲದ?"

ಹಗಲು ಹೊತ್ತು ಮೊಂಡಿ ಮಲಗುತ್ತಿದ್ದದ್ದು ಕಿಟಕಿಯ ಮೇಲಿನ ಆ ಸಂದಿನಲ್ಲೇ!

ಇನ್ನೂ ಹಸಿಯಾಗಿದ್ದ ಸಿಮೆಂಟನ್ನು ತಾನೇ ಕೆದಕಿ, ಗಟ್ಟಿಯಾಗಿದ್ದನ್ನು ಉಳಿ ಹಿಡಿದು ಒಡೆಯತೊಡಗಿದ. ಸದ್ದಿಗೆ ಮಾಲೀಕರು ಬಂದರು.

"ಏನ್ ಮೇಸ್ತ್ರಿ, ಬೆಳಗ್ಗೆ ಮುಚ್ಚಿದ್ರಿ, ಈಗ ಒಡೀತಾ ಇದ್ದೀರಾ?"

"ಒಳಗ ಮಂದಿ ಅದಾರ್ರೀ!"

ಮಾಲೀಕರು ಎರಡು ಹೆಜ್ಜೆ ಹಿಂದೆ ಸರಿದು, ಆಮೇಲೆ ಸೀದಾ ಇಳಿದು ಹೋದರು. ಮುಚ್ಚಿದ ಸಂದುಗಳನ್ನೆಲ್ಲ ಒಡೆದದ್ದಾಯಿತು. ಮೊಂಡಿ ಎಲ್ಲೂ ಇರಲಿಲ್ಲ. ಸಣ್ಣಜ್ಜ ಊಟ ಮುಟ್ಟಲಿಲ್ಲ. "ಸಾಯಬಾರದು ಅಂತ ಮಾಡಾಕ ಹೋಗಿ ನಾನೇ ಗೋರಿ ಕಟ್ಟಿದ್ನೇನ ಅತ್ತಿಗಿ" ಎಂದು ಒಂದೇ ಮಾತು ಆಡಿ ಗೋಡೆಯ ಕಡೆ ತಿರುಗಿ ಮಲಗಿದ. ಆಗ ನನಗೂ ನಗು ಬರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಹೊರಗಿನ ಮೆಟ್ಟಿಲ ಮೇಲೆ ಕುಳಿತಿದ್ದ. ನಾನು ನಿಮ್ಮ ಅಜ್ಜನ ಫೋಟೋಕ್ಕೆ ಹೂ ಏರಿಸುತ್ತಾ, ದಿನವೂ ಹೇಳಿಕೊಳ್ಳುವಂತೆ ಮೆಲ್ಲಗೆ ಹೇಳಿದೆ: "ನಿಮ್ಮ ತಮ್ಮ ಊಟ ಬಿಟ್ಟಾನ. ನೀವರೆ ಒಂದು ಮಾತು ಹೇಳ್ರಿ."

ಫೋಟೋದ ಹಿಂದಿನಿಂದ, "ಲೊಚ್ ಲೊಚ್ ಲೊಚ್!"

ಸಣ್ಣಜ್ಜ ಹೇಗೆ ಬಂದನೋ, ಮೊಣಕಾಲಿನ ನೆನಪೇ ಇಲ್ಲದೆ ಬಂದ. ಫೋಟೋದ ಕೆಳಗಂಚನ್ನು ತುಸುವೇ ಎತ್ತಿದ. ಹೊಟ್ಟೆ ಉಬ್ಬಿಸಿಕೊಂಡು ಕುಳಿತಿತ್ತು ಮೊಂಡಿ! ಅವನು ನಗುತ್ತಾನೆ, ಕುಣಿಯುತ್ತಾನೆ ಎಂದುಕೊಂಡೆ. ಅವನು ಫೋಟೋ ಸರಿಯಾಗಿ ನಿಲ್ಲಿಸಿ, ರೆಪ್ಪೆಗೆ ಮೆತ್ತಿದ್ದ ಸಿಮೆಂಟಿನ ಪುಡಿ ಒರೆಸಿಕೊಂಡು, ನನ್ನ ಮುಖ ನೋಡದೆ ಹೇಳಿದ:

"ಒಂದು ಹಲ್ಲೀನ ಯಾಕ ಇಷ್ಟು ಕಾಯ್ತಾನ ಅಂತ ಮಂದಿ ನಗತಾರ. ದಿನಾ ಮುಂಜಾನಿ ನೀವು ಅಣ್ಣನ ಜೋಡಿ ಮಾತಾಡ್ತೀರಿ. ಯಾರರೆ ಹೂಂ ಅನಬೇಕಲ್ಲ ಅತ್ತಿಗಿ?"

ನಿಮ್ಮ ಅಜ್ಜ ಇದ್ದಾಗ ನಾಲ್ಕು ಜನರ ಎದುರು ಅವರ ಜೊತೆ ನಾನು ದನಿ ಎತ್ತಿ ಮಾತಾಡಿದವಳಲ್ಲ. ಈಗ ಆಡುವುದೂ ಯಾರಿಗೂ ಕೇಳುವುದಿಲ್ಲ ಎಂದೇ ತಿಳಿದಿದ್ದೆ. ಸೆರಗು ಸರಿಮಾಡಿಕೊಂಡು, "ಚಹಾ ಆರತದ, ಕುಡಿ" ಎಂದಷ್ಟೇ ಅಂದೆ.

ಬಾಯಿಬಿಟ್ಟು ಹೇಳಲಾರದ್ದನ್ನು ನಿಮಗಾಗಿ ಬರೆದಿದ್ದೇನೆ, ಮಕ್ಕಳೇ. ಈ ಹಾಳೆಗಳನ್ನು ಕೆ.ಆರ್. ಪುರದ ನಿಮ್ಮ ಮನೆಗೆ ಒಯ್ದು ಜೋಪಾನವಾಗಿಡಿ. ಆದರೆ ಜೊತೆಗೆ ನುಸಿ ಗುಳಿಗೆಗಳನ್ನು ಹಾಕಬೇಡಿ. ಅಂಚನ್ನು ಒಂದಿಷ್ಟು ಹುಳು ತಿಂದರೂ ಚಿಂತೆಯಿಲ್ಲ. ಆ ಹುಳುವಿನ ಹೊಟ್ಟೆಯಲ್ಲಿ ಮದ್ದಿರಬಾರದು, ಅಷ್ಟೇ.