ಫೋನ್ ಎತ್ತಿದವರೇ ವಿದ್ಯಾರ್ಥಿ

ನನ್ನ ಅತ್ತೆಯ ಕೈಗೆ ಮೊಬೈಲ್ ಬಂದ ಮೇಲೆ ಲಕ್ಷ್ಮೇಶ್ವರದ ಸುತ್ತಮುತ್ತ ಯಾರೂ ಧೈರ್ಯದಿಂದ ಫೋನ್ ಎತ್ತಿಲ್ಲ. ಉತ್ಪ್ರೇಕ್ಷೆ ಅನ್ನುತ್ತೀರಾ? ಹಾಗಾದರೆ ನಿಮ್ಮ ನಂಬರು ಆಕೆಯ ಬಳಿ ಇಲ್ಲ. ಪುಣ್ಯವಂತರು ನೀವು!

ಅತ್ತೆ ಎಂದ ಕೂಡಲೇ ಹೆಂಡತಿಯ ತಾಯಿ ಎಂದುಕೊಂಡು ನಗಲು ಶುರು ಮಾಡಬೇಡಿ. ಈಕೆ ನಮ್ಮಪ್ಪನ ಅಕ್ಕ. ನಮ್ಮಿಬ್ಬರ ಮನೆಗೂ ಒಂದೇ ಅಂಗಳ. ಅಡರಕಟ್ಟಿಯ ಆಚೆಗಿನ ಒಂದು ಸಣ್ಣ ಹಳ್ಳಿಯ ಶಾಲೆಯಲ್ಲಿ ಗಣಿತ ಕಲಿಸುತ್ತ ಕೂದಲು ಬೆಳ್ಳಗೆ ಮಾಡಿಕೊಂಡವಳು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಈಕೆ ‘ಲೆಕ್ಕದ ಅಕ್ಕೋರು’. ಬಸ್ಸಿನಲ್ಲಿ ಈಕೆ ಹತ್ತಿದರೆ ಸೀಟು ಬಿಟ್ಟುಕೊಡುವವರಿಗಿಂತ ಮುಂದಿನ ಸ್ಟಾಪಿನಲ್ಲಿ ಇಳಿದುಹೋಗುವವರೇ ಹೆಚ್ಚು. ಯಾವ ಹೊತ್ತಿನಲ್ಲಿ ಮಗ್ಗಿ ಕೇಳಿಬಿಡುತ್ತಾಳೋ ಎಂಬ ಭಯ.

ರೋಗದ ಹೆದರಿಕೆಗೆ ಶಾಲೆಗಳೆಲ್ಲ ಬೀಗ ಹಾಕಿಕೊಂಡ ವರ್ಷ ಅದು. ಪಾಠವೆಲ್ಲ ಮೊಬೈಲಿನಲ್ಲೇ ನಡೆಯಬೇಕು ಎಂದು ಹೇಳಿಕೆ ಬಂತು. ಅತ್ತೆ ಹೋಗಿ ದೊಡ್ಡದೊಂದು ಫೋನ್ ಕೊಂಡು ತಂದಳು. ಅಂಗಡಿಯವನು ಹಿಂದೆ ಹಾಕಲು ಕವರ್ ಕೊಟ್ಟರೆ ಬೇಡವೆಂದಳು. ಮನೆಗೆ ಬಂದವಳೇ ಏನು ಮಾಡಿದಳು ಗೊತ್ತೇ? ಹೊಸ ಪಠ್ಯಪುಸ್ತಕಕ್ಕೆ ಹಾಕುವ ಹಾಗೆ ಖಾಕಿ ಹಾಳೆಯ ಹೊದಿಕೆ ಹಾಕಿದಳು! ಮೇಲೊಂದು ಚೀಟಿ ಬೇರೆ ಅಂಟಿಸಿದಳು. ತರಗತಿ: ಐದು. ವಿಷಯ: ಗಣಿತ.

ಮರುದಿನ ಮೊದಲ ವಿಡಿಯೋ ಪಾಠ. ಕರಿಹಲಗೆಯ ಮುಂದೆ ನಿಂತು ಬಹಳ ಹೊತ್ತು ಉತ್ಸಾಹದಿಂದ ಕಲಿಸಿದಳು. ಕೊನೆಗೆ ಒಬ್ಬ ಹುಡುಗ ಅಂಜುತ್ತ ಹೇಳಿದ:

“ಅಕ್ಕೋರ, ಇಲ್ಲಿ ಬರೇ ಕತ್ತಲಿ ಐತ್ರಿ.”

“ಕತ್ತಲಿ ಇದ್ರ ದೀಪಾ ಹಚ್ಚಿಕೊಂಡು ಕುಂಡ್ರಲೇ!”

ಖಾಕಿ ಹಾಳೆ ಕ್ಯಾಮೆರಾದ ಕಣ್ಣನ್ನೂ ಮುಚ್ಚಿದೆ ಎಂದು ನಾನು ತೋರಿಸಿಕೊಟ್ಟ ಮೇಲೆ, ಕತ್ತರಿಯಿಂದ ಅಲ್ಲೊಂದು ಕಿಟಕಿ ಕತ್ತರಿಸಿದಳು. ಹೊದಿಕೆಯನ್ನು ಮಾತ್ರ ತೆಗೆಯಲಿಲ್ಲ. ತಪ್ಪು ಹಾಳೆಯದಲ್ಲವಂತೆ, ಕಣ್ಣನ್ನು ಬೆನ್ನಿನ ಮೇಲೆ ಇಟ್ಟವರದಂತೆ!

ಅಂದಿನಿಂದ ವಿಡಿಯೋ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಭಿನ್ನರಾಶಿಯ ಪಾಠಕ್ಕೆ ಆಕೆ ಆರಿಸಿಕೊಂಡದ್ದು ಜೋಳದ ರೊಟ್ಟಿ. ನನ್ನ ಹೆಂಡತಿ ಬಿಸಿಯಾಗಿ ಬಡಿದು ಕೊಡಬೇಕು, ಅತ್ತೆ ಅದನ್ನು ಅರ್ಧ, ಕಾಲು, ಅರೆಕಾಲು ಮಾಡಿ ತೋರಿಸಬೇಕು, ನಾನು ವಿಡಿಯೋ ಮಾಡಬೇಕು. ಒಮ್ಮೆ ರೊಟ್ಟಿ ಸೊಟ್ಟಗೆ ಹರಿಯಿತು, ಇನ್ನೊಮ್ಮೆ ಕುಕ್ಕರ್ ಸೀಟಿ ಹಾಕಿತು, ಮತ್ತೊಮ್ಮೆ ಹಾಲಿನವನು ಕೂಗಿದ. ಕೆಟ್ಟುಹೋದ ಭಿನ್ನರಾಶಿಗಳನ್ನು ಚೆಲ್ಲುವುದಕ್ಕಾಗುತ್ತದೆಯೇ? ಬದನೆಕಾಯಿ ಪಲ್ಯ ಹಚ್ಚಿಕೊಂಡು ನಾನೇ ವಿಲೇವಾರಿ ಮಾಡುತ್ತಿದ್ದೆ.

“ಬುಟ್ಟ್ಯಾಗಿನ ಹಿಟ್ಟೆಲ್ಲಾ ಲೆಕ್ಕಕ್ಕ ಹೋತು. ಇನ್ನ ಮಧ್ಯಾಹ್ನ ಊಟಕ್ಕ ಏನ್ ಮಾಡ್ಲಿ?” ಎಂದು ಹೆಂಡತಿ ಒಳಗಿನಿಂದ ಕೂಗಿದಾಗ ನನ್ನ ಊಟ ಮುಗಿದೇ ಹೋಗಿತ್ತು.

ಇಷ್ಟೆಲ್ಲ ಆದರೂ ವಿಡಿಯೋ ನೋಡುವ ಮಕ್ಕಳು ಬೆರಳೆಣಿಕೆಯಷ್ಟೇ. ಹೆಚ್ಚಿನ ಮನೆಗಳಲ್ಲಿ ಇರುವುದು ಗುಂಡಿಯ ಫೋನು, ಅದೂ ಒಂದೇ. ಬೆಳಗಾದರೆ ಅದು ಅಪ್ಪನ ಅಂಗಿಯ ಕಿಸೆಯಲ್ಲಿ ಕೂತು ಹೊರಟುಬಿಡುತ್ತದೆ. ಬೇರೆ ಯಾರಾದರೂ ಆಗಿದ್ದರೆ ಏನು ಮಾಡುವುದಕ್ಕಾಗುತ್ತದೆ ಎಂದು ಸುಮ್ಮನಾಗುತ್ತಿದ್ದರು. ಅತ್ತೆ ಸುಮ್ಮನಾಗುವ ಪೈಕಿಯೇ? ಫೋನ್ ಯಾರ ಕೈಯಲ್ಲಿದೆಯೋ ಅವರೇ ವಿದ್ಯಾರ್ಥಿ ಎಂದು ತೀರ್ಮಾನಿಸಿಬಿಟ್ಟಳು!

ಮೊದಲು ಸಿಕ್ಕಿಬಿದ್ದವನು ಬಜಾರಿನಲ್ಲಿ ಕಟಿಂಗ್ ಅಂಗಡಿ ಇಟ್ಟಿದ್ದವನು. ಮಂಜುನಾಥ ಎಂಬ ಹುಡುಗನ ಅಪ್ಪ. ಗಿರಾಕಿಯ ಗಲ್ಲಕ್ಕೆ ಸಾಬೂನು ಹಚ್ಚಿ, ಅರ್ಧ ಕೆರೆದಿರುವಾಗ ಫೋನ್ ಬಂತು.

“ಮಂಜುನಾಥ!”

“ಅಕ್ಕೋರ, ನಾನ್ರಿ, ಅವರಪ್ಪ. ಅಂಗಡ್ಯಾಗ ಅದೀನಿ. ಹುಡುಗ ಮನ್ಯಾಗ ಅದಾನ್ರಿ.”

“ಫೋನ್ ಯಾರ ಕೈಯಾಗ ಐತಿ?”

“ನನ್ನ ಕೈಯಾಗ್ರಿ.”

“ಹಂಗಾರ ನೀನ ಹೇಳು, ಏಳರ ಮಗ್ಗಿ. ಸಂಜಿಕ್ಕ ಮನಿಗೆ ಹೋಗಿ ಅವಗ ಹೇಳಿಕೊಡು.”

ಪಾಪದವನು ಕತ್ತಿಯನ್ನು ಪಕ್ಕಕ್ಕಿಟ್ಟು ಶುರು ಮಾಡಿದ. ಏಳೆಂಟ್ಲೆ ಎಂಬಲ್ಲಿಗೆ ಬಂದು ನಿಂತುಬಿಟ್ಟ. ಕುರ್ಚಿಯಲ್ಲಿದ್ದ ಗಿರಾಕಿಗೆ ಕರುಣೆ ಬಂದು “ಐವತ್ತಾರ” ಎಂದು ಮೆಲ್ಲಗೆ ಉಸುರಿದ.

“ಬಾಜೂಕ ಕುಂತು ಹೇಳಿಕೊಡಾಂವ ಯಾರಲೇ? ಎದ್ದು ನಿಲ್ಲು!”

ಗಿರಾಕಿ ಸಾಬೂನು ಮೆತ್ತಿದ ಮುಖದಲ್ಲೇ ಎದ್ದು ನಿಂತ. ಅವನೂ ಅತ್ತೆಯ ಹಳೆಯ ವಿದ್ಯಾರ್ಥಿ!

ಆದರೆ ಅತ್ತೆ ನಿಜವಾಗಿ ಜೀವ ಇಟ್ಟು ಬೆನ್ನುಹತ್ತಿದ್ದು ಫಕೀರಪ್ಪನನ್ನು. ಅವನು ಹಳ್ಳಿಯಿಂದ ಲಕ್ಷ್ಮೇಶ್ವರಕ್ಕೆ ಟಂಟಂ ಎಂಬ ಮೂರು ಗಾಲಿಯ ಗಾಡಿ ಓಡಿಸುವವನು. ಅವನ ಬೆನ್ನ ಹಿಂದೆ ಜನ, ಜನರ ಹಿಂದೆ ಉಳ್ಳಾಗಡ್ಡಿ ಚೀಲ. ಅವನ ಮಗಳು ರೇಣುಕಾ ಐದನೆಯ ತರಗತಿ. ಅವರ ಊರಿನ ಶಾಲೆ ಐದಕ್ಕೇ ಮುಗಿಯುತ್ತದೆ. ಮುಂಡರಗಿ ಕಡೆಯ ವಸತಿ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಪಾಸಾದರೆ ಮುಂದೆ ಓದು, ಇಲ್ಲದಿದ್ದರೆ ತಾಯಿಯ ಜೊತೆ ಮೆಣಸಿನಕಾಯಿ ಬಿಡಿಸುವ ಕೂಲಿ. ಹುಡುಗಿ ಬಲು ಚುರುಕು, ಅದರಲ್ಲೂ ಲೆಕ್ಕದಲ್ಲಿ. ಆ ಒಂದು ಸೀಟು ಆಕೆಗೆ ಸಿಗಲೇಬೇಕೆಂದು ಅತ್ತೆ ಹಟ ಹಿಡಿದಿದ್ದಳು.

“ಫೋನ್ ಮನ್ಯಾಗ ಬಿಟ್ಟು ಹೋಗು ಅಂತ ಹೇಳಬಾರ್ದೇನ ಅತ್ತಿ?” ಎಂದು ಕೇಳಿದೆ.

“ಅವಗ ಬಾಡಿಗಿ ಬರೂದ ಫೋನಿನ ಮ್ಯಾಲ. ಗಾಡಿ ನಿಂತ್ರ ಆ ಹುಡುಗೀನ್ನ ನಾಳೇನ ಹೊಲಕ್ಕ ಕಳಸ್ತಾರ. ನೀ ಸುಮ್ನ ರೊಟ್ಟಿ ತಿನ್ನು” ಎಂದಳು.

ಹೀಗಾಗಿ ದಿನಾ ಬೆಳಿಗ್ಗೆ ಫಕೀರಪ್ಪನಿಗೆ ಪಾಠ. ಅವನ ಕಷ್ಟ ಕೇಳಬೇಡಿ! ಅವನೂ ಇದೇ ಅಕ್ಕೋರ ಕೈಯಲ್ಲಿ ಕಲಿತವನು. ನಾಲ್ಕನೆಯ ತರಗತಿಯಲ್ಲಿ, ಇನ್ನೇನು ಭಿನ್ನರಾಶಿ ಶುರುವಾಗಬೇಕು ಅನ್ನುವಾಗ ಶಾಲೆ ಬಿಟ್ಟವನು. ಮಗಳಿಗೆ ಹೇಳಿಕೊಡಬೇಕಾದರೆ ಮೊದಲು ತಾನು ಕಲಿಯಬೇಕು. ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದನಂತೆ.

“ಅರ್ಧದಾಗ ಅರ್ಧ ಎಷ್ಟೋ ಫಕೀರಪ್ಪಾ?”

ಫಕೀರಪ್ಪ ಬೆರಳು ಮಡಿಸಿದ. ಹಿಂದೆ ಕೂತವರಿಗೆ ಗದಗದ ಬಸ್ಸು ಹಿಡಿಯುವ ಅವಸರ.

“ಕಾಲು ಅನ್ನೋ ಮಾರಾಯಾ! ನಮ್ಮ ಬಸ್ ತಪ್ಪತೈತಿ!”

“ಹಿಂದ ಕುಂತಾರು ಬಾಯಿ ಮುಚ್ಚಿಕೊಂಡು ಕುಂಡ್ರಿ! ಅಂವಾ ವಿಚಾರ ಮಾಡಲಿ!” ಎಂದು ಫೋನಿನೊಳಗಿಂದ ಗುಡುಗು. ಸ್ವಲ್ಪ ದಿನ ಕಳೆದ ಮೇಲೆ ಜನರಿಗೇ ರೂಢಿಯಾಯಿತು. ಬೇಗ ಊರು ಮುಟ್ಟಬೇಕಾದವರು ಹಿಂದಿನ ದಿನವೇ ಅವನಿಗೆ ಲೆಕ್ಕ ಕಲಿಸಿ ಇಡುತ್ತಿದ್ದರು ಎಂದು ಸುದ್ದಿ!

ಕಲಿತದ್ದನ್ನೆಲ್ಲ ಸಂಜೆ ಮಗಳಿಗೆ ಒಪ್ಪಿಸಬೇಕು. ಒಂದು ದಿನ ಹುಡುಗಿಯ ಉತ್ತರ ತಪ್ಪಾಗಿ ಬಂತು. ಅತ್ತೆ ವಿಚಾರಣೆಗೆ ಕೂತಳು.

“ಈ ತಪ್ಪು ಆಕೀದೋ, ನಿಂದೋ?”

“ನಂದ್ರಿ ಅಕ್ಕೋರ. ಬಜಾರದಾಗ ನೆನಪಿತ್ತು. ಅಡರಕಟ್ಟಿ ದಾಟೂದ್ರಾಗ ಅರ್ಧಾ ಮರತೆ.”

“ಅರ್ಧಾ ಮರತ್ರ ಉಳದದ್ದು ಎಷ್ಟು?”

“ಅರ್ಧಾರಿ!”

“ಶಾಬಾಸ್!” ಎಂದಳು ಅತ್ತೆ. ನಮ್ಮ ಮನೆಯಲ್ಲಿ ಆ ಮಾತು ಇವತ್ತಿನ ತನಕ ಯಾರಿಗೂ ಸಿಕ್ಕಿಲ್ಲ. ರೊಟ್ಟಿ ತಿಂದ ನನಗೂ ಇಲ್ಲ.

ಪರೀಕ್ಷೆಯ ದಿನ ಅತ್ತೆ ಊಟ ಬಿಟ್ಟು ಫೋನಿನ ಎದುರು ಕೂತಿದ್ದಳು. ಪ್ರಶ್ನೆಪತ್ರಿಕೆಯೇ ಆಕೆಗೆ ಫೋನ್ ಮಾಡುತ್ತದೆಯೋ ಎಂಬಂತೆ! ಫಲಿತಾಂಶ ಬಂದಾಗ ಫಕೀರಪ್ಪ ಬಜಾರಿನಿಂದಲೇ ಫೋನ್ ಮಾಡಿ “ಸೀಟ್ ಸಿಕ್ಕಿತ್ರೀ ಅಕ್ಕೋರ!” ಎಂದು ಕೂಗಿದ. ಅತ್ತೆ ಸಂತೋಷಪಟ್ಟಳೇ? “ಲೆಕ್ಕದಾಗ ಎಷ್ಟು ಬಂದಾವು ಅದನ್ನ ಹೇಳು ಮೊದಲ” ಎಂದು ಗದರಿದಳು. ಫೋನ್ ಇಟ್ಟ ಮೇಲೆ ಮಾತ್ರ ನನ್ನ ಹೆಂಡತಿಗೆ ಹೋಳಿಗೆ ಮಾಡಲು ಹೇಳಿದಳು. ಇಡೀ ಹೋಳಿಗೆ, ಯಾರೂ ಹರಿಯಲಿಲ್ಲ.

ಹುಡುಗಿಯನ್ನು ಬಿಟ್ಟು ಬರುವ ದಿನ ಫಕೀರಪ್ಪ ಟಂಟಂ ತೊಳೆದು ನಮ್ಮ ಬಾಗಿಲಿಗೆ ತಂದ. ಅಕ್ಕೋರು ಬರಲೇಬೇಕಂತೆ. ಅಕ್ಕೋರ ಚೀಲ ಹಿಡಿಯಲು ನಾನು. ಶಿರಹಟ್ಟಿಯಲ್ಲಿ ಚಹಾ ಕುಡಿದು, ಮೈಕೈ ಅದುರಿಸಿಕೊಳ್ಳುತ್ತ ಮುಂಡರಗಿಯ ಕಡೆ ಸಾಗಿದೆವು. ವಸತಿ ಶಾಲೆಯ ಬಾಗಿಲಲ್ಲಿ ರೇಣುಕಾ ಅತ್ತೆಯ ಕಾಲಿಗೆ ನಮಸ್ಕರಿಸಿ, ಟ್ರಂಕು ಎತ್ತಿಕೊಂಡು ಬೇರೆ ಹುಡುಗಿಯರ ಜೊತೆ ನಗುತ್ತ ಒಳಗೆ ಹೋದಳು. ಹಿಂತಿರುಗಿ ಕೂಡ ನೋಡಲಿಲ್ಲ. ನೋಡಿದರೆ, ಫಕೀರಪ್ಪ ಗಾಡಿಗೆ ಒರಗಿ ನಿಂತು ಮಗುವಿನ ಹಾಗೆ ಅಳುತ್ತಿದ್ದಾನೆ.

“ಏನೋ ಇದು? ಹುಡುಗಿ ನಗಕೋತ ಹೋತು, ನೀ ಅಳಾಕತ್ತೀ?” ಎಂದು ಅತ್ತೆ ಗದರಿಸಿದಳು.

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಈಕೀ ಸಲುವಾಗಿ ಅಲ್ರಿ ಅಕ್ಕೋರ. ಈಕಿಗೆ ದಿನಾ ಬೆನ್ನ ಹತ್ತಿ ಫೋನ್ ಮಾಡಿದ್ರಿ. ನಾ ಶಾಲಿ ಬಿಟ್ಟಾಗ, ದುಡಿಯಾಕ ಹೋದ ಊರಿನ ಸಂದ್ಯಾಗ ನಿಂತು ಭಾಳ ದಿನಾ ದಾರಿ ನೋಡಿದ್ನಿರಿ, ಅಕ್ಕೋರು ಕರಿಯಾಕ ಬರ್ತಾರ ಅಂತ. ಯಾರೂ ಬರಲಿಲ್ಲ.”

ಅತ್ತೆ ತಿರುಗಿ ಏನಾದರೂ ಅಂದೇ ಬಿಡುತ್ತಾಳೆ ಎಂದು ನಾನು ಕಾದೆ. ಇಡೀ ಜಿಲ್ಲೆಯ ಬಾಯಿ ಮುಚ್ಚಿಸಿದವಳಲ್ಲವೇ! ಆದರೆ ಸೆರಗಿನಲ್ಲಿ ಕಣ್ಣು ಒತ್ತಿಕೊಂಡಳು. ಆಕೆ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಕಣ್ಣೂ ತುಂಬಿ ಬಂತು. ಆಮೇಲೆ ಆಕೆ ಕೈ ಎತ್ತಿ, ನೆರೆತಿದ್ದ ಅವನ ತಲೆಯನ್ನು ಸವರಿದಳು.

“ನಿಮ್ಮ ಮನೀತನಕ ಬಂದಿದ್ದೆ ತಮ್ಮಾ. ಕೀಲಿ ಹಾಕಿತ್ತು. ದುಡಿಯಾಕ ಹೋಗ್ಯಾರ, ಎಲ್ಲಿ ಅಂತ ಗೊತ್ತಿಲ್ಲ ಅಂದ್ರು. ಅವಾಗ ನಿನ್ನ ಹುಡುಕಾಕ ನನ್ನ ಕೈಯಾಗ ಫೋನ್ ಇದ್ದಿದ್ದಿಲ್ಲೋ.”