ಹತ್ತು ನಿಮಿಷದ ಟ್ಯಾಪೆಟ್

ಬೈಕ್ ರಿಪೇರಿ ಮಾಡುವವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಷಟರ್ ಎತ್ತಿದರೆ ಸಾಕು, ಅದೇ ಸ್ಟ್ಯಾಂಡ್ ಹಾಕಿಕೊಂಡು ಹೊರಗೆ ನಿಂತಿರುತ್ತದೆ. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಇಷ್ಟು ವರ್ಷ ಗ್ರೀಸ್ ಮೆತ್ತಿಕೊಂಡು ನಾನು ಕಂಡುಕೊಂಡಿದ್ದು ಇಷ್ಟೇ: ಗಾಡಿಗಳು ಓಡಿ ಓಡಿ ಕೆಡುವುದು ಕಡಿಮೆ, ಮಾಲೀಕರ ಬುದ್ಧಿವಂತಿಕೆಯಿಂದ ಕೆಡುವುದೇ ಹೆಚ್ಚು.

ಮುಂದಿನದು ಅರ್ಥವಾಗಬೇಕಾದರೆ ಒಂದು ವಿಷಯ ಗೊತ್ತಿರಬೇಕು. ಎಂಜಿನ್ ಒಳಗೆ ವಾಲ್ವ್ ಅಂತ ಇರುತ್ತದೆ, ಅದನ್ನು ತಳ್ಳುವ ಟ್ಯಾಪೆಟ್ ಇರುತ್ತದೆ. ಎರಡರ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಇರಬೇಕು. ಸಂದು ಹೆಚ್ಚಾದರೆ ಟಕಟಕ ಸದ್ದು. ತೀರಾ ಕಡಿಮೆಯಾದರೆ ಸದ್ದೇ ಇಲ್ಲ, ಆದರೆ ವಾಲ್ವ್ ಒಳಗೊಳಗೇ ಸುಟ್ಟುಹೋಗುತ್ತದೆ. ಮನೆಯಲ್ಲೂ ಅಷ್ಟೇ, ಗೊಣಗುವವರಿಂದ ಅಪಾಯವಿಲ್ಲ. ಈ ಸಂದನ್ನು ಎಂಜಿನ್ ಪೂರ್ತಿ ತಣ್ಣಗಿದ್ದಾಗಲೇ ಅಳೆಯಬೇಕು. ಹಾಗಾಗಿ ನನ್ನ ಅಂಗಡಿಯ ಕಾನೂನು: ಸಂಜೆ ಗಾಡಿ ಬಿಟ್ಟು ಹೋಗಿ, ಬೆಳಿಗ್ಗೆ ನೋಡುತ್ತೇನೆ.

ಈ ಕಾನೂನೇ ನನಗೆ ಮುಳುವಾಯಿತು. ರಸ್ತೆಯಾಚೆ ಹೊಸ ಮೆಕ್ಯಾನಿಕ್ ಒಬ್ಬ ಅಂಗಡಿ ತೆರೆದು, "ಹತ್ತೇ ನಿಮಿಷದಲ್ಲಿ ಟ್ಯಾಪೆಟ್ ಸೆಟ್ಟಿಂಗ್" ಅಂತ ಬೋರ್ಡ್ ಹಾಕಿದ. ನನ್ನ ಗಿರಾಕಿಗಳು ಅತ್ತಿತ್ತ ನೋಡಿ ರಸ್ತೆ ದಾಟಿದರು. ನನ್ನ ಹೆಂಡತಿಯ ಅಣ್ಣ, ಅಂದರೆ ನಮ್ಮ ಭಾವ, ಮಂಡಕ್ಕಿ ಹುರಿಯುವ ಭಟ್ಟಿಯ ಮಾಲೀಕರು. ಅವರು ಮನೆಗೆ ಬಂದು, "ಯುಗಾದಿ ತನಕ ನೋಡ್ರಿ. ಗಿರಾಕಿ ವಾಪಸ್ ಬರಲಿಲ್ಲ ಅಂದ್ರೆ ಅಂಗಡಿ ಕೀ ನನ್ ಕೈಗೆ ಕೊಟ್ಟು ಭಟ್ಟಿಗೆ ಬಂದ್ಬಿಡ್ರಿ" ಎಂದು ಗಡುವು ಕೊಟ್ಟರು. ಹೆಂಡತಿ ಹೂಂ ಅಂದಳು. ಭಟ್ಟಿಯ ಕೆಲಸಕ್ಕೆ ನಾನು ಹೆದರುವವನಲ್ಲ, ಬೆಂಕಿಗೂ ಹೆದರುವವನಲ್ಲ. ಭಾವ ದಿನವಿಡೀ ಪಕ್ಕದಲ್ಲಿ ಕೂತು ಬುದ್ಧಿ ಹೇಳುತ್ತಾರಲ್ಲ, ಅದಕ್ಕೆ ಜೀವ ನಡುಗಿತು. ಆ ದಿನಗಳಲ್ಲಿ ಒಬ್ಬೊಬ್ಬ ಗಿರಾಕಿಯೂ ನನಗೆ ದೇವರ ಸಮಾನ. ದೇವರುಗಳು ಹೇಗಿದ್ದರು ಅಂತ ಈಗ ಹೇಳುತ್ತೇನೆ.

ಎ.ಸಿ. ರೂಮಿನ ಗಾಡಿ

ಒಬ್ಬರು ಬಟ್ಟೆ ವ್ಯಾಪಾರಿ. ಗಾಡಿಯನ್ನು ರಾತ್ರಿ ಬಿಟ್ಟು ಹೋಗಿ ಎಂದರೆ ಒಪ್ಪಲಿಲ್ಲ. "ನಿಮ್ಮ ಅಂಗಡಿಯಾಗೆ ಇಲಿ ಅದಾವು. ನಮ್ಮನೆಯಾಗೇ ತಣ್ಣಗೆ ಮಾಡ್ತೀನಿ ಬಿಡ್ರಿ" ಎಂದು ಹೋದರು.

ಮರುದಿನ ಹತ್ತು ಗಂಟೆಗೆ ಬಂದರು, ಮುಖದಲ್ಲಿ ಪರೀಕ್ಷೆ ಪಾಸಾದ ಕಳೆ. "ರಾತ್ರಿಯೆಲ್ಲ ಬೆಡ್‌ರೂಮಿನಾಗೆ ಎ.ಸಿ. ಹಾಕಿ ನಿಲ್ಲಿಸಿದ್ದೆ ರೀ. ನಾನೂ ನಮ್ಮನೆಯವರೂ ಹಾಲಿನಾಗೆ ಚಾಪೆ ಹಾಸ್ಕೊಂಡು ಮಲಗಿದ್ವಿ. ಮುಟ್ಟಿದ್ರೆ ಐಸ್ ಇದ್ದಂಗಿತ್ತು!"

ನಾನು ಎಂಜಿನ್ ಮೇಲೆ ಕೈ ಇಟ್ಟೆ, ಬೆರಳು ಚುರ್ ಅಂತು.

"ಅಣ್ಣಾರೆ, ಇಲ್ಲಿಗೆ ಹೆಂಗ್ ಬಂದ್ರಿ?"

"ಓಡಿಸ್ಕೊಂಡು ಬಂದೆ. ಮತ್ತೆ ಹೊತ್ಕೊಂಡು ಬರ್ಲೇನು?"

ಎಂಜಿನ್ ಮತ್ತೆ ಬಿಸಿಯಾಗಿದೆ, ಇವತ್ತು ಆಗುವುದಿಲ್ಲ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಾನು ಮನೆ ಬಿಟ್ಟಾಗ ತಣ್ಣಗೇ ಇತ್ತು. ಅಂಗಡಿ ಇಷ್ಟು ದೂರ ಇಟ್ಕೊಂಡಿದ್ದು ನಿಮ್ಮ ತಪ್ಪು" ಎಂದು ಹೇಳಿ ರಸ್ತೆ ದಾಟಿದರು.

ದಾಖಲೆ ಪ್ರಕಾರ

ಹರಿಹರದ ಒಂದು ಕಚೇರಿಯಲ್ಲಿ ಗುಮಾಸ್ತರೊಬ್ಬರಿದ್ದಾರೆ. ದಿನಾ ದಾವಣಗೆರೆಯಿಂದ ಹೋಗಿ ಬರುವುದು ಬೈಕಿನಲ್ಲೇ. ಗಾಡಿ ಏದುಸಿರು ಬಿಡುತ್ತಿತ್ತು. "ಸಾರ್, ಸರ್ವಿಸ್ ಮಾಡಿಸಿ ಎಷ್ಟು ದಿನ ಆತು?" ಎಂದೆ.

"ಇನ್ನೂ ಟೈಮ್ ಬಂದಿಲ್ಲಪ್ಪ. ಕಂಪನಿ ಪುಸ್ತಕದಾಗೆ ಎಷ್ಟು ಕಿಲೋಮೀಟರಿಗೆ ಮಾಡಿಸ್ಬೇಕು ಅಂತ ಬರೆದಾರೆ. ಮೀಟರ್ ನೋಡು, ಇನ್ನೂ ಐದುನೂರು ಬಾಕಿ ಐತೆ."

ಮೀಟರ್ ನೋಡಿದೆ. ಅವರು ಹೇಳಿದ್ದು ನಿಜ. ಸಂಶಯ ಬಂದು ಮುಂದಿನ ಚಕ್ರ ತಿರುಗಿಸಿದೆ. ಮುಳ್ಳು ಅಲುಗಲಿಲ್ಲ. ಮೀಟರಿನ ಕೇಬಲ್ ತುಂಡಾಗಿ ನೇತಾಡುತ್ತಿತ್ತು.

"ಸಾರ್, ಇದು ಯಾವಾಗ ತುಂಡಾಗಿದ್ದು?"

"ಎರಡು ವರ್ಷದ ಮೇಲಾತು."

"ಎರಡು ವರ್ಷ ದಿನಾ ಹರಿಹರಕ್ಕೆ ಹೋಗಿ ಬಂದೀರಲ್ಲ ಸಾರ್?"

ಗುಮಾಸ್ತರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹಳೇ ಅರ್ಜಿ ಹಿಡಿದು ಬಂದ ಮುದುಕನ ಜೊತೆ ಮಾತಾಡುವ ದನಿಯಲ್ಲಿ ಹೇಳಿದರು: "ಹೋಗಿ ಬಂದಿದ್ದಕ್ಕೆ ದಾಖಲೆ ಎಲ್ಲೈತೆ? ದಾಖಲೆ ಇಲ್ಲ ಅಂದ್ಮೇಲೆ ಹೋಗೇ ಇಲ್ಲ."

ಆ ಕಚೇರಿಯಲ್ಲಿ ನನ್ನ ಖಾತೆ ಬದಲಾವಣೆ ಯಾಕೆ ಇನ್ನೂ ಆಗಿಲ್ಲ ಅನ್ನುವುದು ನನಗೆ ಅವತ್ತು ತಿಳಿಯಿತು.

ಅಮಾಸಿ ಸರ್ವಿಸ್

ಇನ್ನೊಬ್ಬರಿದ್ದಾರೆ, ಸರ್ವಿಸ್ ತಪ್ಪಿಸುವವರೇ ಅಲ್ಲ. "ತಿಂಗಳಿಗೊಮ್ಮೆ, ಅಮಾಸಿ ದಿನ. ಒಂದು ಸಲನೂ ಬಿಟ್ಟಿಲ್ಲ" ಎಂದರು. ಇಂಥ ಗಿರಾಕಿ ಸಿಕ್ಕರೆ ಮೆಕ್ಯಾನಿಕ್ ಕೈ ಮುಗಿಯಬೇಕು. ನಾನು ಮುಗಿಯುವುದರಲ್ಲೇ ಇದ್ದೆ, ಅಷ್ಟರಲ್ಲಿ ಆಯಿಲ್ ನಟ್ ಬಿಚ್ಚಿದೆ. ಡಾಂಬರು ಬಂತು.

"ತಿಂಗಳಿಗೊಮ್ಮೆ ಏನೇನು ಮಾಡಿಸ್ತೀರಿ?"

"ತೊಳೀತೀನಿ, ವಿಭೂತಿ ಹಚ್ತೀನಿ, ಹೂವಿನ ಹಾರ ಹಾಕ್ತೀನಿ, ಕಾಯಿ ಒಡೀತೀನಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡ್ತೀನಿ. ಆಮೇಲೆ ಅದೇ ಗಾಡಿಯಾಗೆ ದೆವ್ವ ಬಿಡಿಸೋ ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಹೋಗಿ ಬರ್ತೀನಿ."

"ಅಷ್ಟು ಮಾಡಿದ್ಮೇಲೆ ನನ್ ಹತ್ರ ಯಾಕ ಬಂದ್ರಿ? ಅಜ್ಜಯ್ಯನೇ ನೋಡ್ಕೋತಾನಲ್ಲ."

ಅವರು ದನಿ ತಗ್ಗಿಸಿದರು. "ಹೋದ ಅಮಾಸಿಗೆ ಅಜ್ಜಯ್ಯನ ಗುಡಿ ಮುಂದೇನೇ ಕೆಟ್ಟು ನಿಂತ್ಬಿಡ್ತು ರೀ. ಎಷ್ಟು ಬೇಡಿಕೊಂಡ್ರೂ ಸ್ಟಾರ್ಟ್ ಆಗಲಿಲ್ಲ. ಪಕ್ಕದಾಗೆ ನಿಂತಿದ್ದ ಅಜ್ಜಿ ಅಂದ್ಲು, 'ತಮ್ಮಾ, ಗಾಡಿಗೆ ಏನೋ ಮೆಟ್ಕೊಂಡೈತೆ, ಗುಡಿ ಸುತ್ತ ತಳ್ಳು.' ಮೂರು ಸುತ್ತು ತಳ್ಳಿದೆ."

"ಬಿಡ್ತಾ?"

"ಗಾಡಿಗೇನೂ ಬಿಡಲಿಲ್ಲ. ನನ್ನ ಸೊಂಟ ಹಿಡ್ಕೊಂತು."

ರೊಟ್ಟಿಯ ಸದ್ದು

ಲೋಕಿಕೆರೆಯ ರೈತರೊಬ್ಬರು ಮಾತ್ರ ನನ್ನ ಕಾನೂನನ್ನು ಗೌರವಿಸಿದರು. ಸಂಜೆ ಗಾಡಿ ಬಿಟ್ಟು ಬಸ್ಸಿನಲ್ಲಿ ಊರಿಗೆ ಹೋಗಿ, ಮರುದಿನ ಬಂದರು. ಟಕಟಕ ಅನ್ನುತ್ತಿದ್ದ ಎಂಜಿನ್ನನ್ನು ಅಳತೆಗೆ ಸರಿಯಾಗಿ ಹೊಂದಿಸಿ ಕೊಟ್ಟಿದ್ದೆ. ನನ್ನ ಕೈಕೆಲಸವನ್ನು ನಾನೇ ಮೆಚ್ಚಿಕೊಂಡಿದ್ದೆ ಅಂದರೂ ತಪ್ಪಲ್ಲ. ಒಬ್ಬನಾದರೂ ಸರಿಯಾದ ಗಿರಾಕಿ ಸಿಕ್ಕನಲ್ಲ, ಭಾವನಿಗೆ ಇವನನ್ನೇ ತೋರಿಸುತ್ತೇನೆ ಅಂದುಕೊಂಡೆ.

ನಾಲ್ಕನೇ ದಿನ ಅವರು ಸಿಟ್ಟಾಗಿ ಬಂದರು. "ಮೊದ್ಲಿನ ಸದ್ದು ವಾಪಸ್ ಕೊಡ್ರಿ."

"ಯಾಕ್ರಿ, ಗಾಡಿ ಚೆನ್ನಾಗಿ ಓಡ್ತಿಲ್ಲೇನು?"

"ಓಡ್ತೈತೆ, ಬೆಣ್ಣೆ ಇದ್ದಂಗೆ ಓಡ್ತೈತೆ. ಅದೇ ತೊಂದ್ರೆ. ಮೊದ್ಲು ನಾನು ಕೆರೆ ಏರಿ ಮೇಲೆ ಬರ್ತಿದ್ದಂಗೆ ನಮ್ಮವ್ವಗೆ ಟಕಟಕ ಕೇಳ್ತಿತ್ತು. ಹಂಚು ಇಟ್ಟು ರೊಟ್ಟಿ ತಟ್ಟಾಕ ಶುರು ಮಾಡ್ತಿದ್ಲು. ನಾನು ಕೈಕಾಲು ತೊಳ್ಕೊಂಡು ಕೂತ್ರೆ ಬಿಸಿ ರೊಟ್ಟಿ ಎಲೆಗೆ ಬೀಳ್ತಿತ್ತು. ಈಗ ನಾನು ಬಂದು ಎದುರಿಗೆ ನಿಂತ ಮೇಲೆ, 'ಯಾವಾಗ ಬಂದ್ಯೋ?' ಅಂತಾಳೆ. ನಾಲ್ಕು ದಿನದಿಂದ ಅರ್ಧ ತಾಸು ಹಸ್ಕೊಂಡು ಕೂಡಾಕತ್ತೀನಿ."

"ಏರಿ ಮೇಲೆ ಬಂದಾಗ ಹಾರ್ನ್ ಹೊಡೀರಿ" ಎಂದೆ.

"ಅದನ್ನೂ ಮಾಡಿದೆ ರೀ. ಹಾರ್ನ್ ಎಲ್ಲಾರದ್ದೂ ಒಂದೇ ಥರ. ಓಣಿ ತುಂಬ ಎಲ್ಲಾರ ಮನೆಯಾಗೂ ರೊಟ್ಟಿ ತಟ್ಟಿದ್ರು, ನಮ್ಮನೆ ಒಂದು ಬಿಟ್ಟು!"

ಗಡುವಿನ ದಿನ

ಯುಗಾದಿ ಬಂತು. ಬೇವುಬೆಲ್ಲ ಮುಗಿದ ಮರುದಿನ ಬೆಳಿಗ್ಗೆಯೇ ಭಾವ ತಮ್ಮ ಬೈಕಿನಲ್ಲಿ ಬಂದರು. ನನ್ನ ಅಂಗಡಿಗಲ್ಲ, ಎದುರಿಗೆ. ನನ್ನ ಕಣ್ಣೆದುರೇ ಹತ್ತು ನಿಮಿಷದಲ್ಲಿ ಟ್ಯಾಪೆಟ್ ಮಾಡಿಸಿಕೊಂಡು, ರಸ್ತೆ ದಾಟಿ ಬಂದು ನನ್ನ ಬಾಗಿಲಲ್ಲಿ ಗಾಡಿ ನಿಲ್ಲಿಸಿದರು. ಎಂಜಿನ್ ಇನ್ನೂ ಓಡುತ್ತಿತ್ತು.

"ಕೇಳ್ರಿ. ಚಾಲೂ ಐತೋ, ಬಂದ್ ಆಗೈತೋ ಗೊತ್ತಾಗ್ತೈತೇನು? ಇದಕ್ಕೆ ಕೆಲಸ ಅಂತಾರೆ. ನೀವು ರಾತ್ರಿಯೆಲ್ಲ ಗಾಡಿ ಮಲಗಿಸಿ ಜೋಗುಳ ಹಾಡ್ತೀರಿ."

ಎಂಜಿನ್ ಬಂದ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು ಒಳಗೆ ಬಂದು ಟೈರುಗಳ ರಾಶಿಯ ಹಿಂದಿದ್ದ ನನ್ನ ಕುರ್ಚಿಯಲ್ಲೇ ಕೂತರು. ಕೈ ಚಾಚಿದರು. ಅಂಗಡಿಯ ಕೀ ನನ್ನ ಜೇಬಿನಲ್ಲಿತ್ತು. ನಿಜ ಹೇಳುತ್ತೇನೆ, ಅದನ್ನು ಹೊರಗೆ ತೆಗೆಯುವಾಗ ನನ್ನ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಯಾರೋ ಗಾಡಿ ತಳ್ಳಿಕೊಂಡು ಬಂದ ಸಪ್ಪಳವಾಯಿತು. ನೋಡಿದರೆ ಎದುರಂಗಡಿಯ ಮೆಕ್ಯಾನಿಕ್. ಟೈರುಗಳ ಹಿಂದೆ ಕೂತ ಭಾವ ಅವನಿಗೆ ಕಾಣಲಿಲ್ಲ.

"ಅಣ್ಣಾ, ಸ್ವಲ್ಪ ನನ್ನ ಗಾಡಿ ಟ್ಯಾಪೆಟ್ ನೋಡ್ತೀರೇನು? ನಿನ್ನೆ ಸಂಜೆಯಿಂದ ಸ್ಟಾರ್ಟ್ ಮಾಡಿಲ್ಲ. ಪೂರ್ತಿ ತಣ್ಣಗೈತೆ."

ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ. "ನೀನೇ ಹತ್ತು ನಿಮಿಷದಾಗೆ ಮಾಡ್ಕೋಬಹುದಲ್ಲಪ್ಪ?"

"ಅಳತೆ ಮಾಡೋ ಗೇಜ್ ನನ್ ಹತ್ರ ಇಲ್ಲಣ್ಣ."

"ಮತ್ತೆ ದಿನಾ ಅಷ್ಟು ಗಾಡಿ ಹೆಂಗೆ ಮಾಡ್ತೀಯ?"

"ಸದ್ದು ನಿಲ್ಲೋ ತನಕ ಟೈಟ್ ಮಾಡ್ತೀನಿ. ಗಿರಾಕಿಗೆ ಬೇಕಾಗಿದ್ದು ಅದೇ ಅಲ್ಲೇನು?"

"ಹಂಗಾರೆ ಇದಕ್ಕೂ ಹಂಗೇ ಮಾಡು."

ಅವನು ಗಾಬರಿಯಿಂದ ಟ್ಯಾಂಕಿನ ಮೇಲೆ ಕೈ ಇಟ್ಟುಕೊಂಡ. "ಏ, ಬ್ಯಾಡಣ್ಣ! ವಾಲ್ವ್ ಸುಟ್ಟು ಹೋಗ್ತಾವು. ಇದು ನನ್ನ ಸ್ವಂತ ಗಾಡಿ!"

ಟೈರುಗಳ ಹಿಂದೆ ಕುರ್ಚಿ ಕಿರ್ ಅಂತು. ಭಾವ ನಿಧಾನಕ್ಕೆ ಎದ್ದು ನಿಂತರು. ಅವನೂ ನೋಡಿದ. ವ್ಯಾಪಾರದ ಅಭ್ಯಾಸ ಅಂದರೆ ಅಭ್ಯಾಸವೇ, ಬಾಯಿ ತಾನಾಗಿ ತೆರೆದುಕೊಂಡಿತು: "ಸಾವ್ಕಾರ್ರೇ, ಗಾಡಿ ಹೆಂಗೈತ್ರಿ ಈಗ?"

ಭಾವ ನನ್ನ ಅಂಗಡಿಯ ಕೀಗೆ ಚಾಚಿದ್ದ ಕೈಯನ್ನು ತಮ್ಮ ಜೇಬಿಗೆ ಹಾಕಿ ಬೈಕಿನ ಕೀ ತೆಗೆದರು. "ಮೊದ್ಲು ನಂದು ನೋಡ್ರಿ" ಎಂದರು.

"ಆಗಂಗಿಲ್ಲ ಭಾವ. ಅವನದು ತಣ್ಣಗೈತೆ, ನಿಮ್ದು ಬಿಸಿ ಐತೆ. ಇಲ್ಲೇ ಬಿಟ್ಟು ಹೋಗ್ರಿ, ನಾಳೆ ಬೆಳಿಗ್ಗೆ ನೋಡ್ತೀನಿ."

ಭಾವ ಕೀಯನ್ನು ಮೇಜಿನ ಮೇಲಿಟ್ಟು, ಹೊರಗೆ ಹೋಗಿ ಆಟೋ ಕರೆದರು.