ಗಂಗವ್ವನ ಕುಬಸ

ಹಾವು ಹಾಲು ಕುಡಿಯುವುದಿಲ್ಲ. ಈ ಒಂದು ಸಂಗತಿಯನ್ನು ನಲವತ್ತಾರು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಇವತ್ತು ಮೂರು ಸೈಕಲ್ಲುಗಳ ನಡುವೆ ಕೂತು ಆಫೀಸಿನ ಕೆಲಸ ಮಾಡುವ ಗತಿ ನನಗೆ ಬರುತ್ತಿರಲಿಲ್ಲ.

ನಾನು ಶಿವಪ್ರಸಾದ. ಊರು ಧಾರವಾಡ, ಇರುವುದು ಡಚ್ಚರ ನಾಡಿನ ವೆಲ್ಡ್‌ಹೋವನ್‌ನಲ್ಲಿ. ಚಿಪ್ ತಯಾರಿಸುವ ದೊಡ್ಡ ಯಂತ್ರದ ಒಂದು ಸಣ್ಣ ಭಾಗದ ಇನ್ನೂ ಸಣ್ಣ ಮೂಲೆಯೊಂದರ ಉಸ್ತುವಾರಿ ನನ್ನದು. (ಆ ಮೂಲೆಯಿಲ್ಲದೆ ಯಂತ್ರ ನಡೆಯುವುದಿಲ್ಲ ಎಂದು ನಾನು ಮನೆಯಲ್ಲಿ ಹೇಳಿಟ್ಟಿದ್ದೇನೆ.) ಮಗಳು ಧನುಶ್ರೀಗೆ ಹದಿಮೂರು ವರ್ಷ. ಹೋದ ಬೇಸಿಗೆಯಲ್ಲಿ ಅವಳು ಹಾವು ಸಾಕುತ್ತೇನೆಂದಾಗ ನಾನು ಖಡಾಖಂಡಿತವಾಗಿ ಬೇಡವೆಂದೆ. ಅವಳ ಪರವಾಗಿ ನಿಂತವಳು ನನ್ನ ಹೆಂಡತಿ ಪದ್ಮಶ್ರೀ.

"ಇರಲಿ ತಗೋರಿ. ಬೆಕ್ಕು ಮೀನು ಬೇಡತೈತಿ, ನಾಯಿ ಮಾಂಸ ಬೇಡತೈತಿ. ನಾಗಪ್ಪಗ ಏನ್ ಬೇಕು? ಒಂದ್ ಬಟ್ಟಲ ಹಾಲು. ಈ ದೇಶದಾಗ ಹಾಲಿಗೇನ್ ಬರಗಾಲೇನು?"

ಮೊಟ್ಟೆ ಹಾಕಿದ ಕೇಕನ್ನು ಕೂಡ ಬಾಗಿಲ ಹೊರಗೆ ನಿಂತು ತಿಂದು, ಬಾಯಿ ಮುಕ್ಕಳಿಸಿ ಒಳಗೆ ಬರುವ ಮನೆ ನಮ್ಮದು. ವರ್ಷವರ್ಷವೂ ಪಂಚಮಿಗೆ ಹುತ್ತಕ್ಕೆ ಹಾಲೆರೆದು ಬೆಳೆದವರು ನಾವಿಬ್ಬರೂ. ಹಾವು ಎಂದರೆ ನಮಗಿಂತ ಶುದ್ಧ ಸಸ್ಯಾಹಾರಿ ಎಂದು ನಾನೂ ನಂಬಿದೆ. ಕೇಸರಿ ಬಣ್ಣದ, ಬೆರಳು ದಪ್ಪದ, ವಿಷವಿಲ್ಲದ ಒಂದು ಕಾರ್ನ್ ಸ್ನೇಕ್ ಮನೆಗೆ ಬಂತು. ಇಲ್ಲಿಯವರು ಬೆಲ್ಲದ ಪಾಕದಂಥ ಒಂದು ಸಿರಪ್ಪನ್ನು ಬ್ರೆಡ್ಡಿಗೆ ಸವರಿಕೊಂಡು ತಿನ್ನುತ್ತಾರೆ. ಅದರ ಹೆಸರನ್ನೇ ಮಗಳು ಹಾವಿಗಿಟ್ಟಳು: ಸ್ಟ್ರೋಪ್.

ಪಂಚಮಿಯ ದಿನ ಪದ್ಮಶ್ರೀ ಬೆಳ್ಳಿ ಬಟ್ಟಲಲ್ಲಿ ಹಾಲಿಟ್ಟಳು, ಪಕ್ಕದಲ್ಲಿ ಅಳ್ಳು, ತಂಬಿಟ್ಟು. ಸ್ಟ್ರೋಪ್ ಬಟ್ಟಲಿನೊಳಗೆ ಇಳಿದು, ಸುತ್ತಿಕೊಂಡು, ಕಣ್ಣು ಪಿಳುಕಿಸದೆ ಸ್ನಾನಕ್ಕೆ ಕೂತಿತು.

"ಮಮ್ಮೀ, ಅದು ಕುಡಿಯಂಗಿಲ್ಲ," ಎಂದಳು ಧನುಶ್ರೀ. "ಇಟ್ ಈಟ್ಸ್ ಮೈಸ್."

ಪದ್ಮಶ್ರೀ ಅಡುಗೆಮನೆಗೆ ಹೋಗಿ ಬೆಳ್ಳಿ ಬಟ್ಟಲನ್ನು ನಾಲ್ಕು ಸಲ ತೊಳೆದಳು. ತಿನ್ನುವ ವಿಷಯ ತನಗೆ ತಿಳಿಸಬಾರದು, ತೋರಿಸಬಾರದು ಎಂಬ ಷರತ್ತಿನ ಮೇಲೆ ಹಾವು ಉಳಿಯಿತು. ನಾವು ತಿಳಿಸಲಿಲ್ಲ, ತೋರಿಸಲಿಲ್ಲ. ಅಂಗಡಿಯಲ್ಲಿ ಸಿಗುವ ಹೆಪ್ಪುಗಟ್ಟಿದ ಇಲಿಗಳ ಪೊಟ್ಟಣ ಫ್ರೀಝರಿನ ಮೂರನೆಯ ಖಾನೆಯಲ್ಲಿ, ಅವರೆಕಾಳಿನ ಚೀಲದ ಹಿಂದೆ, ಎರಡು ತಿಂಗಳು ತಣ್ಣಗೆ ಇತ್ತು. ಅಲ್ಲಿ ಇಟ್ಟವನು ನಾನೇ.

ನವರಾತ್ರಿಯ ಘಟ ಹಾಕಿದ ದಿನ ಪದ್ಮಶ್ರೀ ಹೋಳಿಗೆಗೆ ಹೂರಣ ತೆಗೆಯಲು ಫ್ರೀಝರಿಗೆ ಕೈ ಹಾಕಿದಳು. ಸಿಕ್ಕಿದ್ದು ಹೂರಣವಲ್ಲ. ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯ ಅಜ್ಜಿ ಬಂದು ಬೆಲ್ ಮಾಡಿದಳು.

"ಹೂರಣದ ಮಗ್ಗಲಾಗ ಇಲಿ ಹೆಣ ಇಟ್ಟೀರಲ್ರಿ! ಹೋದ ತಿಂಗಳ ಗಣಪ್ಪನ್ನ ಕೂಡಿಸಿ ಕಡಬು ಮಾಡಿದ್ದೂ ಇದ ಫ್ರೀಝರ್‌ನ್ಯಾಗಿನ ಕೊಬ್ಬರೀಲೆ. ಅವನ ವಾಹನಾನ ಒಳಗ ಮಲಗ್ಸಿ ಅವಗ ಕಡಬು ತಿನ್ಸೀರಿ!"

"ಪೊಟ್ಟಣ ಸೀಲ್ ಆಗೇತಿ..."

"ನಿಮ್ಮ ಬಾಯಿ ಸೀಲ್ ಮಾಡ್ಕೋರಿ. ದೀಪಾವಳಿ ಪಾಡ್ಯದೊಳಗ ಈ ಫ್ರೀಝರ್‌ನ್ಯಾಗ ಇಲಿ ಇರಬಾರ್ದು. ಇಲ್ಲಂದ್ರ ಮನ್ಯಾಗ ಹಾವು ಇರಬಾರ್ದು."

ಧನುಶ್ರೀ ಅಳುವ ಹುಡುಗಿಯಲ್ಲ. ಸುಮ್ಮನೆ ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಗೆಳತಿ ನಿಸರ್ಗ ಊರು ಬಿಟ್ಟು ಮಾಸ್ಟ್ರಿಕ್ಟ್‌ಗೆ ಹೋದಾಗಿನಿಂದ ಅವಳು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಆ ಹಾವಿನ ಹತ್ತಿರ ಮಾತ್ರ. ಬಾಗಿಲ ಸಂದಿಯಿಂದ ಡಚ್ಚಿನಲ್ಲಿ ಗುಸುಗುಸು ಕೇಳುತ್ತಿತ್ತು. ಹಾವು ಹೋಗಬಾರದು, ಫ್ರೀಝರಿನಲ್ಲಿ ಇಲಿ ಇರಬಾರದು. ಇಂಥ ಬಿಕ್ಕಟ್ಟು ಬಿಡಿಸಲೆಂದೇ ಅಲ್ಲವೇ ನಾನು ಎಂಜಿನಿಯರಾದದ್ದು?

ಮರುದಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ನನ್ನ ಮಹಾಯೋಜನೆ ಮಂಡಿಸಿದೆ. ಹಿತ್ತಲಿನ ಶೆಡ್ಡಿನಲ್ಲಿ, ಸೈಕಲ್ಲುಗಳ ಹಿಂದೆ, ನಾವೇ ಇಲಿ ಸಾಕುವುದು. ಗಂಡೊಂದು, ಹೆಣ್ಣೊಂದು. ತಾಜಾ ಆಹಾರ, ಸ್ವಾವಲಂಬನೆ, ಫ್ರೀಝರು ಶುದ್ಧ. ಆಫೀಸಿನಲ್ಲಿ ನಿರ್ಧಾರಕ್ಕೆ ಬಳಸುವ ಕೋಷ್ಟಕವನ್ನೇ ಬಳಸಿದ್ದೆ. ಹನ್ನೊಂದು ಸಾಲು: ಜಾಗ, ವಾಸನೆ, ಸದ್ದು, ಕಾಳು, ನೆರೆಹೊರೆ, ಇತ್ಯಾದಿ. ಇಲಿ ಸಾಕುವುದಕ್ಕೆ ಎಂಬತ್ತೆರಡು ಅಂಕ. ಹಾವು ಬಿಟ್ಟುಕೊಡುವುದಕ್ಕೆ ಮೂವತ್ತು.

"ಯಾರ್ ಹಾಕಿದ್ದು ಈ ಮಾರ್ಕು?" ಎಂದಳು ಪದ್ಮಶ್ರೀ.

"ನಾನ."

"ಹೌದ? ಛಲೋ ಪಾಸಾಗೀರಿ. ಏನರೆ ಮಾಡ್ಕೋರಿ, ನನ್ನ ಹೊಸ್ತಿಲ ದಾಟಿ ಒಳಗ ಬರಬಾರ್ದು ಅಷ್ಟ."

ಐಂಡ್‌ಹೋವನ್ ಆಚೆಯ ಹಳ್ಳಿಯೊಂದರಲ್ಲಿ ವಿಮ್ ಎಂಬ ಮುದುಕನಿದ್ದಾನೆ. ಹಾವು ಸಾಕುವವರಿಗೆಲ್ಲ ಗುರು. ಅವನ ಮನೆಗೆ ಸೈಕಲ್ ತುಳಿದುಕೊಂಡು ಹೋಗಿ ನನ್ನ ಕೋಷ್ಟಕ ತೋರಿಸಿದೆ. ಅವನು ಕನ್ನಡಕ ಹಾಕಿಕೊಂಡು ಹನ್ನೊಂದು ಸಾಲನ್ನೂ ಓದಿದ.

"ಚೆನ್ನಾಗಿದೆ. ಕೊಲ್ಲೋದು ಯಾರು?"

"ಹಾವು," ಎಂದೆ.

"ಬದುಕಿರೋ ಇಲೀನ ಹಾಕಬಾರದು. ಇಲಿ ತಿರುಗಿ ಹಾವನ್ನೇ ಕಚ್ಚುತ್ತೆ. ಮೊದಲು ನೀನು ಕೊಂದು, ಆಮೇಲೆ ಹಾಕಬೇಕು. ನೀನು ಸಸ್ಯಾಹಾರಿ ಅಂದೆಯಲ್ಲ?"

"ಹೌದು."

"ಹಾಗಾದರೆ ಇದು ದಡ್ಡ ಯೋಚನೆ," ಎಂದು ವಿಮ್ ಕಾಫಿ ಕೊಟ್ಟ. ಇಲ್ಲಿಯವರು ಹೀಗೆಯೇ, ಮುಖಕ್ಕೆ ಹೊಡೆದಂತೆ ಹೇಳಿ ಪಕ್ಕದಲ್ಲೇ ಬಿಸ್ಕತ್ತೂ ಇಡುತ್ತಾರೆ. ಹದಿನಾಲ್ಕು ವರ್ಷವಾದರೂ ನನಗೆ ಅಭ್ಯಾಸವಾಗಿಲ್ಲ.

ಕೊಲ್ಲುವವರು ಯಾರು ಎಂಬ ಹನ್ನೆರಡನೆಯ ಸಾಲು ನನಗೆ ಹೊಳೆದಿರಲೇ ಇಲ್ಲ. ಆದರೆ ಎಂಬತ್ತೆರಡು ಅಂಕ ಬಂದ ಯೋಜನೆಯನ್ನು ಬಿಟ್ಟು ಬರಿಗೈಯಲ್ಲಿ ವಾಪಸು ಬರುವುದು ಹೇಗೆ? ಆ ಹೊತ್ತು ಬಂದಾಗ ಗಂಡಸಿನಂತೆ ಮಾಡಿಬಿಡುತ್ತೇನೆ ಎಂದುಕೊಂಡು ಅವನಿಂದಲೇ ಪಂಜರದೊಂದಿಗೆ ಎರಡು ಬಿಳಿ ಇಲಿಗಳನ್ನು ತಂದು ಶೆಡ್ಡಿನಲ್ಲಿಟ್ಟೆ.

ಮೂರನೆಯ ದಿನ ಪದ್ಮಶ್ರೀ ತಾನು ಇಲಿ ನೋಡಲು ಬಂದಿಲ್ಲ, ಸೈಕಲ್ಲಿಗೆ ಗಾಳಿ ಹಾಕಲು ಬಂದಿದ್ದೇನೆ ಎಂದು ಹೇಳಿಕೊಂಡು ಶೆಡ್ಡಿಗೆ ಬಂದಳು. (ಗಾಳಿ ಹಾಕುವ ಪಂಪು ಎಲ್ಲಿದೆ ಎಂಬುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.)

"ಇದ್ಯಾಕ ಹಿಂಗ ಉಬ್ಬೈತಿ?"

"ಬಸುರಿ ಐತಿ. ಇನ್ನೊಂದ್ ವಾರದಾಗ ಹಡೀತೈತಿ ಅಂತ ಹೇಳ್ಯಾನ ವಿಮ್."

ಅವಳು ಬಗ್ಗಿ ಪಂಜರದೊಳಗೆ ಇಣುಕಿದಳು. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ. ಮದುವೆಯಾಗಿ ಹದಿನೇಳು ವರ್ಷವಾದ ಮೇಲೂ ಮಾಡಬಾರದ ತಪ್ಪು ಇದು.

"ಅಲ್ರಿ, ದಿನ ತುಂಬಿದ ಹೆಂಗಸನ್ನ ತಂದು ಈ ಥಂಡ್ಯಾಗ, ಸೈಕಲ್ ಸಂದ್ಯಾಗ ಇಟ್ಟೀರಲ್ಲ, ಮನುಷ್ಯಾರೇನ್ರಿ ನೀವು?"

"ಹೆಂಗಸಲ್ಲ ಪದ್ಮಾ, ಇಲಿ."

"ಇಲಿ ಆದ್ರ ಬಸುರಾಗ ಜೀವ ದಣಿಯೂದಿಲ್ಲೇನು? ಎತ್ರಿ ಪಂಜರ!"

ಹೊಸ್ತಿಲು ದಾಟಬಾರದು ಎಂದವಳೇ ಹೊಸ್ತಿಲು ದಾಟಿಸಿದಳು. ರೇಡಿಯೇಟರ್ ಬಿಸಿ ಚೆನ್ನಾಗಿ ಬರುವುದು ನಾನು ಮನೆಯಿಂದ ಕೆಲಸ ಮಾಡುವ ಕೋಣೆಯಲ್ಲಿ. ನನ್ನ ಎರಡು ಮಾನಿಟರುಗಳನ್ನು ಸರಿಸಿ ಆ ಮೇಜಿನ ಮೇಲೆ ಪಂಜರ ಪ್ರತಿಷ್ಠಾಪನೆಯಾಯಿತು. ಹೆಣ್ಣಿಗೆ ಗಂಗವ್ವ ಎಂದು ಹೆಸರಾಯಿತು. ಗಂಡಿಗೆ ಯಾರೂ ಹೆಸರಿಡಲಿಲ್ಲ. ಅವನು ಗಂಗವ್ವನ ಗಂಡ.

ಮುಂದಿನ ಶುಕ್ರವಾರ ನಾನು ಆಫೀಸಿನಿಂದ ಬಂದಾಗ ಮನೆಯೆಲ್ಲ ಶೇಂಗಾ ಹುರಿದ ವಾಸನೆ. ಕೋಣೆಯಲ್ಲಿ ಪಂಜರದ ಮೇಲೆ ಹಸಿರು ಖಣ, ಅದರ ಮೇಲೆ ಒಂದು ಡಜನ್ ಹಸಿರು ಬಳೆ, ಎದುರಿಗೆ ಆರತಿ ತಟ್ಟೆ. ನಮ್ಮ ಕಡೆ ಬಸುರಿಗೆ ಹಸಿರು ಉಡಿಸಿ, ಉಡಿ ತುಂಬಿ, ಬಯಸಿದ್ದನ್ನು ತಿನ್ನಿಸಿ ಮಾಡುವ ಕುಬಸ ನಡೆದಿತ್ತು. ಗಂಗವ್ವ ತನ್ನ ತಲೆಗಿಂತ ದೊಡ್ಡದಾದ ಶೇಂಗಾ ಹೋಳಿಗೆಯ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲುತ್ತಿದ್ದಳು. ಧನುಶ್ರೀ ಫೋಟೋ ತೆಗೆಯುತ್ತಿದ್ದಳು.

ನಾನು ನಕ್ಕುಬಿಟ್ಟೆ. ನಗಬಾರದಿತ್ತು.

"ನಗ್ರಿ," ಎಂದಳು ಪದ್ಮಶ್ರೀ, ಬಳೆ ಸರಿಪಡಿಸುತ್ತ. "ನನಗ ಯಾರ್ ಮಾಡಿದ್ರು ಕುಬಸ? ಅವ್ವಗ ವೀಸಾ ಸಿಗಲಿಲ್ಲ. ನೀವು ಯಂತ್ರ ನಿಂತೈತಿ ಅಂತ ಆಫೀಸಿಗೆ ಹೋದ್ರಿ. ಏಳ್ನೇ ತಿಂಗಳದಾಗ ಒಬ್ಬಾಕೀನ ಹೋಳಿಗೆ ಮಾಡ್ಕೊಂಡು ಒಬ್ಬಾಕೀನ ತಿಂದೆ."

ಅವಳು ಅದನ್ನು ಅತ್ತು ಹೇಳಲಿಲ್ಲ. ಅಂಗಡಿಯಿಂದ ಏನು ತರಬೇಕೆಂದು ಹೇಳುವ ಧ್ವನಿಯಲ್ಲೇ ಹೇಳಿದಳು. ನನಗೆ ನಾಚಿಕೆಯಾಯಿತು. ಮೂಲೆಯಲ್ಲಿ ನಿಂತು ಉಳಿದ ಹೋಳಿಗೆಯನ್ನು ಸದ್ದಿಲ್ಲದೆ ತಿಂದೆ.

ನಾಲ್ಕು ದಿನಕ್ಕೆ ಗಂಗವ್ವ ಒಂಬತ್ತು ಮರಿ ಹಡೆದಳು. ಆ ಗಳಿಗೆಯಿಂದ ಅವಳ ಗಂಡನಿಗೆ ಕೋಣೆಯಲ್ಲಿ ಪ್ರವೇಶವಿಲ್ಲದಾಯಿತು. "ಬಾಣಂತಿ ಕೋಣ್ಯಾಗ ಗಂಡಸರಿಗೇನ್ ಕೆಲಸ?" ಎಂದು ಪದ್ಮಶ್ರೀ ಅವನನ್ನು ಬೇರೆ ಡಬ್ಬಿಗೆ ಹಾಕಿ ಶೆಡ್ಡಿಗೆ ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಮೀಟಿಂಗಿನ ಗದ್ದಲಕ್ಕ ಕೂಸುಗೋಳು ಬೆಚ್ಚಿ ಬೀಳತಾವ," ಎಂದಳು. ಲ್ಯಾಪ್‌ಟಾಪ್ ಹಿಡಿದು ನಾನೂ ಅವನ ಹಿಂದೆಯೇ ಹೋದೆ.

ಇಲ್ಲಿ ಮಗು ಹುಟ್ಟಿದರೆ ಗರಿಗರಿ ರಸ್ಕಿಗೆ ಬೆಣ್ಣೆ ಸವರಿ, ಮೇಲೆ ಸಕ್ಕರೆ ಸುತ್ತಿದ ಸೋಂಪಿನ ಕಾಳು ಉದುರಿಸಿ ಹಂಚುತ್ತಾರೆ. ಹೆಣ್ಣಾದರೆ ಗುಲಾಬಿ ಕಾಳು, ಗಂಡಾದರೆ ನೀಲಿ. ಪದ್ಮಶ್ರೀ ಎರಡೂ ಬಣ್ಣ ಬೆರೆಸಿ ಒಂದು ಡಬ್ಬಿ ತುಂಬ ಮಾಡಿ ನನ್ನ ಚೀಲಕ್ಕೆ ಹಾಕಿದ್ದಳು. ಆಫೀಸಿನಲ್ಲಿ ತೆರೆದ ಮೇಲೆಯೇ ನನಗೆ ತಿಳಿದದ್ದು. ಎಲ್ಲರೂ ಎದ್ದು ಬಂದು ಕೈ ಕುಲುಕಿದರು.

"ಎಷ್ಟು ತೂಕ?" ಎಂದ ಮ್ಯಾನೇಜರ್.

"ಒಂದೊಂದೂ ಒಂದು ಗ್ರಾಂ," ಎಂದೆ. "ಒಂಬತ್ತಿವೆ." ಆಮೇಲೆ ಸಂಜೆಯವರೆಗೆ ಯಾರೂ ನನ್ನನ್ನು ಕೆಲಸದ ವಿಷಯ ಕೇಳಲಿಲ್ಲ.

ದಿನ ಕಳೆದವು. ಮರಿಗಳಿಗೆ ಕೂದಲು ಬಂತು, ಕಣ್ಣು ಬಿಟ್ಟವು. ಅಷ್ಟರಲ್ಲಿ ಹಳೆಯ ಪೊಟ್ಟಣ ಮುಗಿಯಿತು, ಸ್ಟ್ರೋಪ್ ಗಾಜಿಗೆ ಮೂತಿ ಒತ್ತಿಕೊಂಡು ಕಾಯತೊಡಗಿತು. ದೀಪಾವಳಿಗೆ ಮೂರು ದಿನವಿತ್ತು. ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಹನ್ನೆರಡನೆಯ ಸಾಲನ್ನು ತುಂಬಿಸಲು ನಾನು ಕೋಣೆಯ ಬಾಗಿಲು ತೆರೆದೆ.

ಒಂದು ಮರಿಯನ್ನು ಅಂಗೈಗೆ ತೆಗೆದುಕೊಂಡೆ. ಅದರ ಮೀಸೆ ನಡುಗುತ್ತಿತ್ತು. ಹಿಂದೆ ತಿರುಗಿದರೆ ಅವ್ವ ಮಗಳು ಇಬ್ಬರೂ ಬಾಗಿಲಲ್ಲಿ ನಿಂತಿದ್ದರು.

"ಪಪ್ಪಾ, ಡೂ ನೋರ್ಮಾಲ್," ಎಂದಳು ಧನುಶ್ರೀ. ಹುಚ್ಚುಚ್ಚಾಗಿ ಆಡಬೇಡ ಎಂಬುದಕ್ಕೆ ಇಲ್ಲಿಯವರ ಮಾತು ಅದು. "ಗಂಗವ್ವನ ಮಕ್ಕಳನ್ನ ನಾ ಫೀಡ್ ಮಾಡಂಗಿಲ್ಲ. ಬೇಕಾದ್ರ ಸ್ಟ್ರೋಪ್‌ನ ವಿಮ್ ಅಂಕಲ್‌ಗೆ ಕೊಡತೀನಿ." ಅವಳ ಗಲ್ಲ ಅದುರುತ್ತಿತ್ತು. ಅಳದ ಹುಡುಗಿ.

ಪದ್ಮಶ್ರೀ ಮಗಳ ಮುಖ ನೋಡಿದಳು. ನನ್ನ ಕೈಯಿಂದ ಮರಿಯನ್ನು ತೆಗೆದುಕೊಂಡು ಗಂಗವ್ವನ ಪಕ್ಕದಲ್ಲಿ ಇಟ್ಟಳು.

"ಯಾರೂ ಯಾರಿಗೂ ಕೊಡೂದು ಬ್ಯಾಡ. ಶೆಡ್ಡಿನ್ಯಾಗ ಒಂದ್ ಸಣ್ಣ ಫ್ರೀಝರ್ ಇಡ್ರಿ. ಪೊಟ್ಟಣ ಅಲ್ಲಿರಲಿ. ನನ್ನ ಫ್ರೀಝರ್ ಶುದ್ಧ, ಆಕಿ ಹಾವು ಆಕಿಗೆ. ಇಷ್ಟ ಮಾಡಾಕ ಒಂದ್ ತಿಂಗಳು ಲೆಕ್ಕ ಹಾಕ್ಕೋತ ಕುಂತಿದ್ರಲ್ಲ!"

ನಿಜ ಹೇಳುತ್ತೇನೆ, ನನಗೆ ಅಳು ಬರುವಷ್ಟು ನೆಮ್ಮದಿಯಾಯಿತು. ಎರಡನೆಯ ಫ್ರೀಝರು ಎಂಬ ಸಾಲು ನನ್ನ ಕೋಷ್ಟಕದಲ್ಲಿ ಇರಲೇ ಇಲ್ಲ.

ಈಗ ನವೆಂಬರ್ ಕೊನೆ. ಕೋಣೆಯಲ್ಲಿ ಗಂಗವ್ವ ಮತ್ತು ಒಂಬತ್ತು ಮಕ್ಕಳು. ಶೆಡ್ಡಿನಲ್ಲಿ ನಾನು, ಗಂಗವ್ವನ ಗಂಡ, ಮೂರು ಸೈಕಲ್ಲು, ಗುಂಯ್‌ಗುಡುವ ಫ್ರೀಝರು, ಕಾಲ ಬುಡದಲ್ಲಿ ಒಂದು ಸಣ್ಣ ಹೀಟರು. ನಿನ್ನೆ ಮೀಟಿಂಗಿನ ನಡುವೆ ಬಾಗಿಲು ತಟ್ಟಿದ ಸದ್ದಾಯಿತು. ಪದ್ಮಶ್ರೀ ಶಾಲು ಹೊದ್ದು ನಿಂತಿದ್ದಳು.

"ಇಲ್ಲಿ ಥಂಡಿ ಭಾಳ ಐತೇನ್ರಿ?"

ಎಷ್ಟು ವರ್ಷದ ಮೇಲೆ ಕೇಳಿದ ದನಿ! "ಭಾಳ ಐತಿ ಪದ್ಮಾ," ಎಂದೆ.

"ಹೌದಲ್ಲ? ಅಂದಮ್ಯಾಲ ಈ ಹೀಟರ್ ಇಲ್ಲಿ ಏನೂ ಉಪಯೋಗ ಇಲ್ಲ ಬಿಡ್ರಿ," ಎಂದು ಬಗ್ಗಿ ಪ್ಲಗ್ ಕಿತ್ತಳು. "ಒಳಗ ಕೂಸುಗೋಳು ನಡಗಾಕತ್ತಾವ."

ಬಾಗಿಲು ಮುಚ್ಚಿತು. ಗಂಗವ್ವನ ಗಂಡ ನನ್ನ ಮುಖ ನೋಡಿದ, ಆಮೇಲೆ ಹುಲ್ಲಿನೊಳಗೆ ಹೊಕ್ಕು ಮಲಗಿದ. ನನಗೆ ಹುಲ್ಲೂ ಇರಲಿಲ್ಲ.